ಸೋತವನು ಗಾಡಿ ತೊಳೆಯಬೇಕು

ನನ್ನ ಗಂಡ ಡೆಲ್ಮರ್‌ನಷ್ಟು ಹಟಮಾರಿ ಇಡೀ ಓಹಾಯೋದಲ್ಲಿ ಇನ್ನೊಬ್ಬನಿದ್ದರೆ ಅವನು ನನ್ನ ತಮ್ಮ ವೆಂಡಲ್. ಒಬ್ಬನನ್ನು ನಾನೇ ಮೆಚ್ಚಿ ಕಟ್ಟಿಕೊಂಡೆ, ಇನ್ನೊಬ್ಬನನ್ನು ಅಮ್ಮ ಹೆತ್ತು ನನ್ನ ತಲೆಗೆ ಕಟ್ಟಿದಳು. ಡೆಲ್ಮರ್‌ನದು ಎಪ್ಪತ್ತನೇ ಇಸವಿಯ ನೀಲಿ ಮಸ್ಟಾಂಗ್ ಕಾರು. ವೆಂಡಲ್‌ನದು ಅದಕ್ಕಿಂತ ಒಂದು ವರ್ಷ ಹಳೆಯ ಕಿತ್ತಳೆ ಬಣ್ಣದ ಕಮಾರೋ. ಎರಡರಲ್ಲಿ ಯಾವುದು ಜೋರು ಎಂಬ ಜಗಳ ನನ್ನ ಮದುವೆಯ ಊಟದ ಮೇಜಿನಲ್ಲೇ ಶುರುವಾಯಿತು. ನನ್ನ ಕೂದಲು ಬೆಳ್ಳಗಾದರೂ ಅದು ಮುಗಿದಿರಲಿಲ್ಲ.

ಮುಗಿಯುವುದಾದರೂ ಹೇಗೆ? ಬೇಸಿಗೆ ಬಂತೆಂದರೆ ಶನಿವಾರ ಇಬ್ಬರೂ ಊರಾಚೆಯ ಹಳೇ ವಿಮಾನ ನಿಲ್ದಾಣಕ್ಕೆ ಹೋಗಿ, ಅಕ್ಕಪಕ್ಕ ನಿಂತು ಕಾಲು ಮೈಲಿ ಓಡಿಸುತ್ತಿದ್ದರು. ಕಮಾರೋ ಹಗುರ, ಹಸಿರು ದೀಪ ಹತ್ತಿದ್ದೇ ತಡ, ಕಿತ್ತುಕೊಂಡು ಹೋಗುತ್ತದೆ. ಮಸ್ಟಾಂಗ್‌ನ ಎಂಜಿನ್ ದೊಡ್ಡದು, ಮೂತಿಯೂ ಭಾರ. ಹೊರಡುವಾಗ ಗೊಣಗುತ್ತದೆ, ಅರ್ಧ ದಾರಿ ಕಳೆದ ಮೇಲೆ ಅಟ್ಟಿಸಿಕೊಂಡು ಬರುತ್ತದೆ. ಹಾಗಾಗಿ ಒಮ್ಮೆ ಇವನು ಗೆದ್ದರೆ ಇನ್ನೊಮ್ಮೆ ಅವನು. ಸೋತವನ ಬಾಯಲ್ಲಿ ನೆಪ ಸಿದ್ಧವಾಗಿರುತ್ತಿತ್ತು: ಟೈರ್ ಬಿಸಿಯಾಗಿರಲಿಲ್ಲ, ಪೆಟ್ರೋಲ್ ಸರಿಯಿರಲಿಲ್ಲ, ಗಾಳಿ ಎದುರಿಗಿತ್ತು. ಪಕ್ಕಪಕ್ಕದಲ್ಲಿ ಓಡುವಾಗ ಗಾಳಿ ಒಬ್ಬನಿಗೆ ಮಾತ್ರ ಎದುರಾಗುವುದು ಹೇಗೆ ಎಂದು ನಾನು ಕೇಳಿದರೆ, ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು.

ನೆಪ ಏನೇ ಇರಲಿ, ಅವರದೇ ಒಂದು ಕಟ್ಟಳೆ ಮಾತ್ರ ತಪ್ಪುವಂತಿರಲಿಲ್ಲ. ಸೋತವನು ಭಾನುವಾರ ಚರ್ಚ್ ಮುಗಿಸಿ ಬಂದು, ಬೀದಿಗೆಲ್ಲ ಕಾಣುವ ಹಾಗೆ ಗೆದ್ದವನ ಗಾಡಿ ತೊಳೆಯಬೇಕು. ಗೆದ್ದವನು ಕುರ್ಚಿ ಹಾಕಿಕೊಂಡು ಕೂತು, ಅಲ್ಲಿ ಉಜ್ಜು, ಇಲ್ಲಿ ಉಜ್ಜು ಎಂದು ಅಪ್ಪಣೆ ಕೊಡಬಹುದು.

ಡೆಲ್ಮರ್ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆವರು ಸುರಿಸಿ ದುಡಿದವನು. ಬಲು ಧಾರಾಳಿ. ನೆರೆಯವರು ಕೇಳಿದರೆ ಹೊಸ ಏಣಿಯನ್ನೂ ಕೊಟ್ಟು ಮರೆತುಬಿಡುತ್ತಿದ್ದ. ಆದರೆ ಮಸ್ಟಾಂಗ್‌ನ ಕೀಲಿ ಯಾರಿಗೂ ಕೊಟ್ಟವನಲ್ಲ, ನನಗೂ ಕೊಟ್ಟವನಲ್ಲ. ಒಮ್ಮೆ ಒಳಗಿನ ಧೂಳು ಒರೆಸಲೆಂದು ಚಾಲಕನ ಸೀಟಿನಲ್ಲಿ ಕೂತಿದ್ದೆ. ಪುಣ್ಯಾತ್ಮ ಅಂಗಳದಿಂದ ಓಡಿ ಬಂದು ಎಬ್ಬಿಸಿದ.

ಹೋದ ವರ್ಷ ಅವನ ಕಣ್ಣು ಕೈಕೊಟ್ಟಿತು. ನೇರ ನೋಡಿದ್ದೆಲ್ಲ ಮಸುಕು, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ. ಹಿಮ ಬೀಳುವಷ್ಟರಲ್ಲಿ ಲೈಸೆನ್ಸ್ ಒಪ್ಪಿಸಿಬಿಡಿ ಎಂದರು ಡಾಕ್ಟರು. ಅವನು ಅಳಲಿಲ್ಲ, ರೇಗಲೂ ಇಲ್ಲ. ಸೀದಾ ವೆಂಡಲ್‌ನ ಮನೆಗೆ ಹೋಗಿ, ಗಾಡಿ ಬಿಡುವ ಮುಂಚೆ ಯಾವುದು ಜೋರು ಅಂತ ತನಗೆ ನಿಜವಾಗಿ ಗೊತ್ತಾಗಬೇಕು, ಅಷ್ಟೇ ಸಾಕು ಎಂದು ಹೇಳಿ ಬಂದ.

ಸೆಪ್ಟೆಂಬರ್‌ನಲ್ಲಿ ಓಡಿಸಿದರು. ಕಮಾರೋ ಎಂದಿನಂತೆ ಮುಂದೆ ಚಿಮ್ಮಿತು. ಅರ್ಧ ದಾಟಿದ ಮೇಲೆ ಮಸ್ಟಾಂಗ್ ಹಿಂದಿನಿಂದ ಬಂದು, ಮುಗಿಯುವ ಗೆರೆಯ ಹತ್ತಿರ ಮೂತಿಯಷ್ಟು ಮುಂದಾಯಿತು. ಜನ ಸಿಳ್ಳೆ ಹೊಡೆದರು, ನಾನು ಅತ್ತೇಬಿಟ್ಟೆ. ಡೆಲ್ಮರ್ ಮಾತ್ರ ಮುಖ ಗಂಟು ಹಾಕಿಕೊಂಡು ಇಳಿದ.

ಮರುದಿನ ವೆಂಡಲ್ ನಮ್ಮ ಅಂಗಳದಲ್ಲಿ ಬಕೆಟ್ ತುಂಬಿಕೊಂಡು ಅಂಗಿಯ ತೋಳು ಮಡಚಿದ.

"ಕೆಳಗಿಡು ಅದನ್ನ," ಅಂದ ಡೆಲ್ಮರ್. "ಗೆರೆ ಮುಟ್ಟೋ ಮುಂಚೆ ಆಕ್ಸಿಲರೇಟರ್‌ನಿಂದ ಕಾಲೆತ್ತಿದೆ ನೀನು."

ವೆಂಡಲ್ ಇಲ್ಲವೇ ಇಲ್ಲ ಎಂದು ಸಾಧಿಸಿದ.

"ಕಣ್ಣು ಹೋಗಿದೆ ಕಣೋ, ಕಿವಿ ಹೋಗಿಲ್ಲ. ನಿನ್ನ ಗಾಡಿ ಸೋಲುವಾಗ್ಲೂ ಕಿರುಚ್ತಾನೇ ಸೋಲುತ್ತೆ. ನಿನ್ನೆ ಮೆತ್ತಗೆ ಉಸಿರು ಬಿಟ್ಟಿತು."

ನನ್ನ ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತ. "ಕೊನೇ ಸಲ ಗೆದ್ದು ಬಿಡ್ಲಿ ಅನ್ನಿಸ್ತು. ಅದು ತಪ್ಪಾ?"

"ಕನಿಕರ ಬೇಕಿದ್ರೆ ಪಾದ್ರಿ ಹತ್ರ ಹೋಗ್ತಿದ್ದೆ. ನಿನ್ನ ಹತ್ರ ಬರೋದು ಜಗಳಕ್ಕೆ," ಎಂದು ಡೆಲ್ಮರ್ ಬಕೆಟ್ ಒದ್ದ. ಸೋಪಿನ ನೀರೆಲ್ಲ ನನ್ನ ಹೂವಿನ ಪಾತಿಗೆ ಹರಿಯಿತು.

ಇಬ್ಬರನ್ನೂ ಚೆನ್ನಾಗಿ ಬೈದೆ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಗಂಡನ ಮಾತೇ ಸರಿ ಅನ್ನಿಸಿತು. ಊರಿನ ಜನರೆಲ್ಲ ಅವನ ತೋಳು ಹಿಡಿದು ರಸ್ತೆ ದಾಟಿಸಲು ಶುರುಮಾಡಿದ್ದರು. ತನ್ನನ್ನು ಸೋಲಿಸಲು ಹಿಂಜರಿಯದವನು ವೆಂಡಲ್ ಒಬ್ಬನೇ ಅಂದುಕೊಂಡಿದ್ದ, ಪಾಪ.

ಅಕ್ಟೋಬರ್‌ನ ಕೊನೇ ಶನಿವಾರ ಮತ್ತೆ ನಿಂತರು. ಆ ವರ್ಷಕ್ಕೆ ಅದೇ ಕೊನೆ, ಮರುವಾರದಿಂದ ಚಳಿಗಾಲಕ್ಕೆಂದು ನಿಲ್ದಾಣಕ್ಕೆ ಬೀಗ. ಹೊರಡುವ ಮುಂಚೆ ವೆಂಡಲ್ ನನ್ನತ್ತ ನೋಡಿದ. ಏನು ಮಾಡಲಿ ಎಂದು ಕೇಳುವ ಮುಖ. ತುಳಿ ಎಂದು ಕಾಲು ನೆಲಕ್ಕೊತ್ತಿ ತೋರಿಸಿದೆ. ಗಂಡನನ್ನು ಬಿಟ್ಟು ನಾನು ತಮ್ಮನ ಪಕ್ಷ ಹಿಡಿದದ್ದು ಅದೇ ಮೊದಲು.

ಈ ಸಲ ಕಮಾರೋ ಕೊನೆಯವರೆಗೂ ಕಿರುಚುತ್ತಲೇ ಹೋಯಿತು. ಮಸ್ಟಾಂಗ್ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಅಷ್ಟರಲ್ಲಿ ದಾರಿ ಮುಗಿಯಿತು. ಡೆಲ್ಮರ್ ಸೋತ. ನಾನು ಓಡಿ ಹೋಗಿ ಬಾಗಿಲು ತೆಗೆದರೆ, ಸ್ಟಿಯರಿಂಗ್ ಹಿಡಿದುಕೊಂಡೇ ನಗುತ್ತಿದ್ದ. ಕೆನ್ನೆ ಒದ್ದೆಯಾಗಿತ್ತು.

ಭಾನುವಾರ ಅವನು ವೆಂಡಲ್‌ನ ಅಂಗಳದಲ್ಲಿ ಕಮಾರೋ ತೊಳೆದ. ಎಲ್ಲಿ ಕೊಳೆಯಿದೆ ಎಂದು ಕಾಣದ್ದರಿಂದ ಎಡಗೈಯಲ್ಲಿ ತಡವುತ್ತಾ ಬಲಗೈಯಲ್ಲಿ ಉಜ್ಜುತ್ತಿದ್ದ. ವೆಂಡಲ್ ಕುರ್ಚಿ ಹಾಕಿಕೊಂಡಿದ್ದ, ಆದರೆ ಅಪ್ಪಣೆ ಕೊಡುವುದು ಬಿಟ್ಟು ಡೆಲ್ಮರ್‌ನ ಕೈಯನ್ನೇ ನೋಡುತ್ತಿದ್ದ.

"ಕೂತ್ಕೊಂಡು ಏನ್ ನೋಡ್ತಿದೀಯ? ಹಿಂದಿನ ಚಕ್ರ ಉಜ್ಜು ಅಂತ ಹೇಳು," ಅಂದ ಡೆಲ್ಮರ್. "ನಿನ್ನೆ ಗಾಳಿ ಎದುರಿಗಿತ್ತು, ಅದೂ ತಿಳ್ಕೋ."

ವೆಂಡಲ್‌ಗೆ ಜೀವ ಬಂತು. "ಹೌದೌದು. ನಿನ್ನ ಕಡೆ ಮಾತ್ರ ಬೀಸ್ತಿತ್ತು. ಹಿಂದಿನ ಚಕ್ರ ಉಜ್ಜು."

ಡೆಲ್ಮರ್ ಚಕ್ರ ಉಜ್ಜಿ ಮುಗಿಸಿ ಎದ್ದು ನಿಂತ. ಒದ್ದೆ ಪ್ಯಾಂಟಿನ ಜೇಬಿಗೆ ಕೈ ಹಾಕಿ, ನಾನು ನಿಂತಿದ್ದ ದಿಕ್ಕಿಗೆ ಮಸ್ಟಾಂಗ್‌ನ ಕೀಲಿ ಚಾಚಿದ. ಈ ವಯಸ್ಸಿನಲ್ಲಿ ನನಗೆ ಹುಚ್ಚು ಹಿಡಿಸಬೇಡ ಎಂದೆ.

"ಗೇರ್ ಯಾವಾಗ ಹಾಕ್ಬೇಕು ಅಂತ ಪಕ್ಕದಲ್ಲಿ ಕೂತು ನಾನು ಹೇಳ್ತೀನಿ," ಅಂದ. ಆಮೇಲೆ ವೆಂಡಲ್‌ನ ಕಡೆ ತಿರುಗಿದ. "ವಸಂತದಲ್ಲಿ ಇವಳ ಜೊತೆ ಓಡಿಸ್ಬೇಕು ನೀನು. ಅಕ್ಕ ಅಂತ ಕಾಲೆತ್ತಿದ್ರೆ ನನಗೆ ಕೇಳಿಸುತ್ತೆ."