ಕಿಣ್ಣಿ ಸುಲ್ತಾನದಲ್ಲಿ ಚಾಲೂ ಆಗದ ಡೋಜರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನು ಹೇಳುವುದಲ್ಲ, ಆಳಂದದಲ್ಲಿ ನನ್ನ ಗ್ಯಾರೇಜಿಗೆ ಬರುವವರೆಲ್ಲ ಹೇಳುವ ಮಾತು. ಮನೆಯಲ್ಲಿ ನಾವು ದಖ್ಖನಿ ಉರ್ದು ಆಡುತ್ತೇವೆ, ಗ್ಯಾರೇಜಿನಲ್ಲಿ ಕನ್ನಡ, ಬೈಯುವಾಗ ಮಾತ್ರ ಎರಡೂ ಬೇಕು. ಇಂಥ ನನ್ನನ್ನು ಒಂದು ಸಲವೂ ದನಿ ಏರಿಸದೆ ಸುಮ್ಮನಾಗಿಸಿದವರು ಒಬ್ಬರೇ. ಅವರು ಹಳೆಯ ಬುಲ್ಡೋಜರ್ ಒಂದನ್ನು ಓಡಿಸುವ ಡ್ರೈವರ್. ಊರೆಲ್ಲ ಕಾಕಾ ಅನ್ನುತ್ತದೆ, ನಾನೂ ಅನ್ನುತ್ತೇನೆ.

ಡೋಜರ್ ನಮ್ಮ ಕಡೆಯ ಒಬ್ಬ ಸಾವಕಾರರದು. ಹೊಲ ಸಮ ಮಾಡಲು, ಕರಿಮಣ್ಣಿನಲ್ಲಿ ಆಳಕ್ಕೆ ಇಳಿದ ಕರಕಿ ಹುಲ್ಲಿನ ಬೇರು ಕೀಳಲು ಅದು ಆಳಂದ, ಅಫಜಲಪುರ, ಜೇವರ್ಗಿ ಎಂದು ಮೂರೂ ತಾಲೂಕು ಸುತ್ತುತ್ತದೆ. ಬಣ್ಣ ಯಾವತ್ತೋ ಹೋಗಿದೆ. ಕಾಕಾ ಆ ಸೀಟಿನ ಮೇಲೆ ಮೊದಲ ಸಲ ಕೂತಾಗ ಅವರ ಮೀಸೆ ಕರ್ರಗಿತ್ತಂತೆ. ಮುಂಜಾನೆ ಬಂದವರು ಮೊದಲು ಬಾನೆಟ್ ತಟ್ಟಿ, 'ಏನಪಾ, ನಿದ್ದಿ ಆತಿಲ್ಲೋ?' ಎಂದು ಕೇಳಿಯೇ ಮೇಲೆ ಹತ್ತುತ್ತಿದ್ದರು. ನಾನು ಎಷ್ಟು ಅಣಕಿಸಿದರೂ ಬಿಡಲಿಲ್ಲ.

ಆ ವರ್ಷ ಚಳಿಗಾಲಕ್ಕೆ ಕೆಲಸ ನಮ್ಮ ತಾಲೂಕಿನದೇ ಊರಾದ ಕಿಣ್ಣಿ ಸುಲ್ತಾನದಲ್ಲಿ ಬಿತ್ತು. ಹೋದ ಮರುದಿನವೇ ಕಾಕಾನ ಫೋನು. 'ತಮ್ಮಾ, ಮುಂಜಾನಿ ಚಾಲೂನೇ ಆಗವಲ್ದು. ಥಂಡಿಗಿ ಹಿಡ್ಕೊಂಡದ.' ಹೋಗಿ ನೋಡಿದರೆ ಬಾನೆಟ್ ಮೇಲೆ ಮನೆಯಿಂದ ತಂದ ಕೌದಿ ಹೊದಿಸಿದ್ದಾರೆ! ನಗು ತಡೆದುಕೊಂಡು ಸೆಲ್ಫ್ ಹೊಡೆಸಿದೆ. ಎಂಜಿನ್ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಹತ್ತುವುದಿಲ್ಲ. ಕೊನೆಗೆ ಕೈಪಂಪಿನಿಂದ ಡೀಸೆಲ್ ಒತ್ತೀ ಒತ್ತೀ ರಟ್ಟೆ ಬಿದ್ದುಹೋದ ಮೇಲೆ ಗುಡುಗಿ ಎದ್ದಿತು. ಬ್ಯಾಟರಿ ದಣಿದಿದೆ ಎಂದು ಬೇರೆ ಬ್ಯಾಟರಿ ಹಾಕಿ ಬಂದೆ.

ಎರಡನೆಯ ದಿನವೂ ಅದೇ ಹಾಡು. ಫಿಲ್ಟರ್ ಬದಲಿಸಿದೆ, ಎಂಜಿನ್ ಆಯಿಲ್ ಗಟ್ಟಿಯಾಗಿರಬೇಕು ಎಂದು ಅದನ್ನೂ ಬದಲಿಸಿದೆ. ಮೂರನೆಯ ದಿನ ಮುಂಜಾನೆ ಸಾವಕಾರರೇ ಹೊಲಕ್ಕೆ ಬಂದರು. ಬಂದವರೇ ಕಾಕಾನ ಮೇಲೆ ಹರಿಹಾಯ್ದರು. 'ನಿಂಗೂ ವಯಸ್ಸಾತು, ಅದಕ್ಕೂ ಆತು. ಗಾಡಿ ನೋಡ್ಕೊಳ್ಳಾಕ ಬರಲ್ಲ ನಿಂಗ. ನಾಳಿ ಮುಂಜಾನಿ ಚಾಲೂ ಆಗ್ಲಿಲ್ಲಂದ್ರ ಗುಜರಿಯವ್ರಿಗಿ ಫೋನ್ ಮಾಡ್ತೇನಿ.' ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಹೊಸ ಯಂತ್ರಗಳು ಅವರಿಗೆ ಬರುವುದಿಲ್ಲ, ಆ ವಯಸ್ಸಿನಲ್ಲಿ ಕಲಿಸುವವರೂ ಇಲ್ಲ. ಇದು ಗುಜರಿಗೆ ಹೋದರೆ ಅವರೂ ಮನೆಗೆ ಹೋಗಬೇಕು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಸಾವಕಾರರು ಹೋದ ಮೇಲೆ ನನ್ನ ಸಿಟ್ಟೆಲ್ಲ ಕಾಕಾನ ಮೇಲೆಯೇ ತಿರುಗಿತು. 'ಹ್ವಾದ ತಿಂಗಳು ಅಫಜಲಪುರದಾಗ ಹ್ಯಾಂಗ ಚಾಲೂ ಆಗ್ತಿತ್ರಿ?' ಎಂದೆ.

'ಒಂದೇ ಸೆಲ್ಫಿಗಿ.'

'ಜೇವರ್ಗಿದಾಗ?'

'ಅಲ್ಲೂ ಒಂದೇ ಸೆಲ್ಫಿಗಿ. ಹೊಳಿದಂಡಿ, ಇಲ್ಲಿಗಿಂತ ಭಾಳ ಥಂಡಿ ಇತ್ತು ನೋಡು.'

ಅಲ್ಲಿಗೆ ನನ್ನ ತಲೆಗೆ ಏನೋ ಹೊಡೆಯಿತು. ಹೆಚ್ಚು ಥಂಡಿಯಲ್ಲಿ ಏಳುವ ಎಂಜಿನ್ ಕಡಿಮೆ ಥಂಡಿಯಲ್ಲಿ ಏಳುವುದಿಲ್ಲ ಎಂದರೆ ತಪ್ಪು ಥಂಡಿಯದಲ್ಲ. ಇಷ್ಟು ದಿನ ಸೆಲ್ಫ್ ಹೊಡೆಯುವಾಗ ಹೊಗೆಯೇ ಬರುತ್ತಿರಲಿಲ್ಲ. ಎಂಜಿನ್ನಿಗೆ ಡೀಸೆಲ್ಲೇ ಮುಟ್ಟುತ್ತಿಲ್ಲ! ಇದನ್ನು ಮೊದಲ ದಿನವೇ ನೋಡದೆ ಬ್ಯಾಟರಿ ಹೊತ್ತುಕೊಂಡು ಓಡಾಡಿದವನು ನಾನು. ನಾಲ್ಕು ಹೆಜ್ಜೆ ಹಿಂದೆ ಸರಿದು ಡೋಜರನ್ನು ನೋಡಿದೆ. ಹೊಲ ದಕ್ಷಿಣಕ್ಕೆ ಏರುತ್ತಿತ್ತು, ಡೋಜರ್ ಏರಿನ ಕಡೆ ಮುಖ ಮಾಡಿ ನಿಂತಿತ್ತು.

'ಸಪಾಟ ಜಾಗ ಬಿಟ್ಟು ಹಿಂಗ್ಯಾಕ ನಿಲ್ಸೀರಿ?'

ಕಾಕಾ ಸಂಕೋಚದಿಂದ ಕೈಯೆತ್ತಿ ತೋರಿಸಿದರು. 'ಘತ್ತರಗಿ ಆ ಕಡಿ ಅದಲ್ಲೋ. ಎಲ್ಲಿ ಇದ್ರೂ ಸಂಜಿಗಿ ಅಲ್ಲಿ ಅವ್ವನ ಗುಡಿ ಕಡಿ ಮಾರಿ ಮಾಡೇ ನಿಲ್ಲಸ್ತೇನಿ.'

ಈ ಮಾತಿಗೆ ನಾನು ನಗಲಿಲ್ಲ. ನಾನೂ ದಿನಕ್ಕೆ ಐದು ಹೊತ್ತು ಒಂದು ದಿಕ್ಕಿಗೆ ಮುಖ ಮಾಡುವವನೇ. ಆದರೆ ಲೆಕ್ಕ ಸಿಕ್ಕಿತು. ಘತ್ತರಗಿ ಇರುವುದೇ ಹೊಳೆದಂಡೆಯಲ್ಲಿ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಆ ಕಡೆಗೆ ನೆಲ ಇಳಿಯುತ್ತದೆ. ಅಲ್ಲಿ ಡೋಜರಿನ ಮೂತಿ ಕೆಳಗೆ, ಸೀಟಿನ ಹಿಂದಿರುವ ಡೀಸೆಲ್ ಟ್ಯಾಂಕು ಮೇಲೆ. ಇಲ್ಲಿ ಮೂತಿ ಮೇಲೆ, ಟ್ಯಾಂಕು ಕೆಳಗೆ. ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಬೆಳಗಾಗುವುದರೊಳಗೆ ಡೀಸೆಲ್ ಟ್ಯಾಂಕಿಗೆ ವಾಪಸ್ಸು ಇಳಿಯುತ್ತಿದೆ.

ಕಾಲಿಡುವ ತಗಡು ಬಿಚ್ಚಿದೆ. ಕೆಳಗೆ ಟ್ಯಾಂಕಿನಿಂದ ಬರುವ ಪೈಪಿನ ಜೋಡಣೆಗೆ ಅರಿವೆ ಸುತ್ತಿತ್ತು. ಅರಿವೆ ಬಿಚ್ಚಿದರೆ ಒಳಗೆ ಒಣಗಿ ಬಿರಿದ ಬಟ್ಟೆ ಸಾಬೂನು. ಡೀಸೆಲ್ ಹನಿಯುವ ಕಡೆ ಸಾಬೂನು ಮೆತ್ತುವುದು ನಮ್ಮ ಡ್ರೈವರುಗಳ ಹಳೆಯ ಉಪಾಯ. ಅದು ಹನಿಯನ್ನು ತಡೆಯುತ್ತದೆ, ಒಣಗಿದ ಮೇಲೆ ಗಾಳಿಯನ್ನು ತಡೆಯುವುದಿಲ್ಲ.

'ಕಾಕಾ, ಇದೇನ್ರಿ ಇದು? ನಂಗ್ಯಾಕ ಹೇಳ್ಲಿಲ್ಲ?' ಎಂದು ಚೀರಿದೆ. ಬೋಲ್ಟು ಬಿಚ್ಚಿ ವಾಷರ್ ಕೈಗೆ ತೆಗೆದುಕೊಂಡೆ. ಅಂಚಿನಲ್ಲಿ ಅರದಿಂದ ತಿಕ್ಕಿದ ಗೀರು. ತಿಕ್ಕಿದ್ದು ನಾನೇ. ಹಳೆಯ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಕೂರಿಸುವುದು ನನ್ನ ಕೈಚಳಕ, ಹತ್ತು ಜನರ ಮುಂದೆ ಕೊಚ್ಚಿಕೊಂಡಿದ್ದೂ ಉಂಟು. ಹೋದ ಬೇಸಿಗೆಯಲ್ಲಿ, ಹೊಸದು ತರಲು ಬೇಸರಪಟ್ಟು, ಇದನ್ನು ಹಾಗೆಯೇ ಕೂರಿಸಿದ್ದೆ.

ಕಾಕಾ ಆಗ ಮೆಲ್ಲಗೆ ಹೇಳಿದರು. 'ಅಫಜಲಪುರದಾಗ ಹನಿ ಬೀಳಾಕತ್ತಿತ್ತು. ನೀ ಹಾಕಿದ್ದಂತ ನಂಗ ಗೊತ್ತಿತ್ತು. ಸಾವಕಾರ್ರಿಗಿ ತಿಳದ್ರ ನಿನ್ನ ಕರಿಯೋದು ಬಿಡ್ತಾರ. ನಿಂಗ ಹೇಳಿದ್ರ ನೀ ಅವ್ರ ಕೂಡ ಜಗಳಾ ತಗೀತಿ. ಸಾಬೂನು ಹಚ್ಚಿದ್ನಲ್ಲ, ಹನಿ ನಿಂತದಂತ ಸುಮ್ಮನಾದೆ. ಇದಕ್ಕೇ ಚಾಲೂ ಆಗವಲ್ದಂತ ನಂಗೇನ್ ಗೊತ್ತೋ?'

ನನ್ನ ಮರ್ಯಾದೆ ಮುಚ್ಚಲು ಹೋಗಿ ಈ ಮನುಷ್ಯ ತನ್ನ ಸೀಟನ್ನೇ ಕಳೆದುಕೊಳ್ಳುವುದರಲ್ಲಿದ್ದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಆಳಂದಕ್ಕೆ ಓಡಿಹೋಗಿ ಹೊಸ ವಾಷರುಗಳನ್ನು ತಂದು ಹಾಕಿದೆ, ಪೈಪಿನ ಗಾಳಿ ತೆಗೆದೆ. ಸಂಜೆ ಡೋಜರನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಿಲ್ಲಿಸಲು ನಾನೇ ಹೇಳಿದೆ.

ಮರುದಿನ ಸಾವಕಾರರು ಬಂದು ನಿಂತಿದ್ದರು. ಕಾಕಾ ಮೇಲೆ ಹತ್ತಿ ಸೆಲ್ಫ್ ಹೊಡೆದರು. ಎರಡು ಸುತ್ತು ತಿರುಗಿತೋ ಇಲ್ಲವೋ, ಕರಿಹೊಗೆ ಉಗುಳಿ ಎದ್ದಿತು! ಕಾಕಾ ನನ್ನ ಕಡೆ ನೋಡಿ ಹಲ್ಲು ಕಿರಿದು ಡೋಜರನ್ನು ಕೆಲಸಕ್ಕೆ ಇಳಿಸಿದರು.

'ಏನಾಗಿತ್ತಲೇ ಮಿಸ್ತ್ರಿ?' ಎಂದರು ಸಾವಕಾರರು.

'ನನ್ನ ತಪ್ಪು ರಿ,' ಎಂದು ವಾಷರಿನಿಂದ ಸಾಬೂನಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳಕ್ಕೆ ಕಾದು ನಿಂತೆ. ಅವರು ಡೋಜರಿನ ಕಡೆ ತಿರುಗಿದರು. 'ನಿನ್ನಿ ಅವ್ರಿಗಿ ಬಾಯಿಗಿ ಬಂದಂಗ ಬೈದೆ, ಒಂದ್ ಮಾತು ಆಡ್ಲಿಲ್ಲ ನೋಡು,' ಎಂದರು. ಆಮೇಲೆ, 'ಅವ್ರು ಇರೋತನಕ ಅದೂ ಇರ್ಲಿ,' ಎಂದು ಜೀಪು ಹತ್ತಿದರು.

ಎಂಜಿನ್ ಸದ್ದಿನಲ್ಲಿ ಕಾಕಾನಿಗೆ ಇದೇನೂ ಕೇಳಿಸಿರಲಿಲ್ಲ. ಕೈಬೀಸಿ ಡೋಜರ್ ನಿಲ್ಲಿಸಿದೆ, ಚೈನಿನ ಮೇಲೆ ಹತ್ತಿ ಸಾವಕಾರರ ಮಾತನ್ನು ಅವರ ಕಿವಿಯಲ್ಲಿ ಕೂಗಿ ಹೇಳಿದೆ. ಅವರು ಎರಡನೇ ಸಲ ಹೇಳಿಸಿಕೊಂಡರು, ಮೂರನೇ ಸಲವೂ ಹೇಳಿಸಿಕೊಂಡರು. ಮೊದಲನೇ ಸಲಕ್ಕೇ ಕೇಳಿಸಿತ್ತೆಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ನಾನು ಒಂದು ಚೂರೂ ಸಿಟ್ಟಾಗದೆ ನಾಲ್ಕನೇ ಸಲ ಹೇಳಿದೆ.