ಹರಡಿ ಆರಕ್ಕಿಡಿ

ಟೆರೇಸಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಕಪ್ಪು ಕೊಡೆ. ಅದನ್ನು ಬಿಚ್ಚಿ, ಹಿಡಿಗೆ ಇಟ್ಟಿಗೆಯ ಆಸರೆ ಕೊಟ್ಟು ನಿಲ್ಲಿಸಿದ್ದರು. ನಮ್ಮ ಮನೆಯಲ್ಲಿ ಆ ಕೊಡೆ ಹೊರಗೆ ಬರುವುದು ಮಳೆಗಲ್ಲ, ಸಂಡಿಗೆಗೆ ಬರುವ ಕಾಗೆಗಳನ್ನು ಹೆದರಿಸುವುದಕ್ಕೆ. ಕೊಡೆಯ ಪಕ್ಕದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ತೆಳ್ಳಗೆ, ಒಂದೇ ಸಮನಾಗಿ ಹರಡಿಕೊಂಡಿತ್ತು ನನ್ನ ಜೆಲ್. ಅಂಚುಗಳು ಆಗಲೇ ಒಣಗಿ ಮೇಲಕ್ಕೆ ಸುರುಟಿಕೊಂಡಿದ್ದವು. ಕೈಯಲ್ಲಿದ್ದ ಸ್ಟೀಲ್ ಟ್ರೇಗಳು ಜಾರಿ ಬಿದ್ದವು. ಆ ಸದ್ದಿಗೆ ಪಕ್ಕದ ಮನೆಯ ಆಂಟಿ ಹೊರಗೆ ಬಂದು ನೋಡಿದರು.

ಆ ಜೆಲ್ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಾಗದದ ಮಿಲ್ಲಿನಿಂದ ಬರುವ ಮರದ ನಾರಿನ ಪಲ್ಪನ್ನು ನೀರಿನಲ್ಲಿ ಕಲಸಿ, ಗಿರಣಿಯಂಥ ಯಂತ್ರದ ಕಲ್ಲುಗಳ ನಡುವೆ ಮತ್ತೆ ಮತ್ತೆ ಅರೆದರೆ, ಅದರ ನಾರುಗಳು ಸೀಳಿ ಸೀಳಿ ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ನೀರು ಗಂಜಿಯಂತೆ ಮಂದವಾಗುತ್ತದೆ. ಪೇಂಟಿಗೆ ಇದನ್ನು ಸ್ವಲ್ಪ ಬೆರೆಸಿದರೆ ಸಾಕು, ಬಣ್ಣ ಗೋಡೆಯ ಮೇಲೆ ಸೋರಿ ಇಳಿಯುವುದಿಲ್ಲ. ಆದರೆ ಈ ಗಂಜಿಯಲ್ಲಿ ನಾರು ಇರುವುದು ಚೂರುಪಾರು, ಮಿಕ್ಕಿದ್ದೆಲ್ಲ ನೀರು. ಡ್ರಮ್ಮಿನಲ್ಲಿ ತುಂಬಿ ಕಳಿಸಿದರೆ ಲಾರಿಯಲ್ಲಿ ನೀರು ಸಾಗಿಸಿದ ಹಾಗೆ, ಕಳಿಸದೆ ಇಟ್ಟುಕೊಂಡರೆ ಬೂಷ್ಟು. ಒಣಗಿಸಿದರೋ, ನಾರುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಎಷ್ಟು ನೀರು ಹಾಕಿ ಕಲಕಿದರೂ ಬಿಡಿಸಿಕೊಳ್ಳುವುದಿಲ್ಲ, ಬರೀ ಗಂಟು. ಒಣಗಬೇಕು, ಆದರೆ ನೀರು ಬಿದ್ದ ಕೂಡಲೇ ಮತ್ತೆ ಮೊದಲಿನ ಗಂಜಿಯೇ ಆಗಬೇಕು. ಇಷ್ಟಕ್ಕಾಗಿ ನಾನು ಮತ್ತು ನನ್ನ ಕಾಲೇಜಿನ ಗೆಳತಿ ಜೆ.ಪಿ. ನಗರದ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ತಲೆ ಚಚ್ಚಿಕೊಂಡಿದ್ದೆವು.

ಯಂತ್ರ ಅವಳ ಪಾಲು, ರೆಸಿಪಿ ನನ್ನ ಪಾಲು. ಟೂತ್‌ಪೇಸ್ಟಿಗೆ ಹಾಕುವಂಥ ಒಂದು ಅಂಟಿನ ಪುಡಿಯನ್ನು ಜೆಲ್ಲಿಗೆ ಬೆರೆಸಿ ಒಣಗಿಸಿದರೆ, ಅದು ನಾರುಗಳ ನಡುವೆ ಕೂತು ಅವು ಅಂಟದಂತೆ ತಡೆಯುತ್ತದೆ ಎನ್ನುವುದು ನನ್ನ ಲೆಕ್ಕ. ಲೋಟದ ಅಳತೆಯಲ್ಲಿ, ಮಿಕ್ಸಿಗೆ ಹಾಕಿ ತಿರುಗಿಸಿದಾಗ ಅದು ಫಲಿಸಿತ್ತು. ಒಂದು ಪೇಂಟ್ ಕಂಪನಿಯವರು ಶುಕ್ರವಾರ ಬಂದು, ತಮ್ಮ ಫ್ಯಾಕ್ಟರಿಯಲ್ಲಿರುವಂಥ, ನಿಧಾನಕ್ಕೆ ಕಲಕುವ ಸಾಧಾರಣ ಸ್ಟಿರರ್‌ನಲ್ಲಿ, ಬಕೆಟ್ಟಿನ ಅಳತೆಯಲ್ಲಿ ನೋಡುತ್ತೇವೆ ಎಂದಿದ್ದರು.

ಗೆಳತಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಅವಳು ಉತ್ತರ ಹೇಳಬೇಕಿತ್ತು.

"ಶುಕ್ರವಾರದ ಟ್ರಯಲ್ ಆದ್ರೆ ಇಲ್ಲೇ ಇರ್ತೀನಿ. ಆಗ್ಲಿಲ್ಲ ಅಂದ್ರೆ ಹೋಗ್ತೀನಿ ಕಣೇ. ಕೋಪ ಮಾಡ್ಕೋಬೇಡ," ಎಂದಿದ್ದಳು.

ಕೋಪ ಮಾಡಿಕೊಂಡೇ ಇದ್ದೆ. ಅವಳು ಹೋದರೆ ಶೆಡ್ಡಿಗೆ ಬೀಗ, ಅದರಲ್ಲಿ ಅನುಮಾನವಿರಲಿಲ್ಲ. ಕಲ್ಲುಗಳ ನಡುವಿನ ಕೂದಲೆಳೆಯ ಸಂದನ್ನು ಸರಿಮಾಡಲು ನನಗೆ ಬಾರದು. ಅವಳಿಲ್ಲದೆ ನಾನು ಅಲ್ಲಿ ಒಬ್ಬಳೇ ಕೂತು ನೊಣ ಹೊಡೆಯಬೇಕಿತ್ತು.

ಬುಧವಾರ ಬೆಳಿಗ್ಗೆ ಶೆಡ್ಡಿನ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಕರೆಂಟ್ ನಿಂತಿತು. ಜೆಲ್ ತಯಾರಾಗಿತ್ತು, ಪುಡಿ ಕರಗಿಸಲು ಅದನ್ನು ಬಿಸಿ ಮಾಡಬೇಕಿತ್ತು. ಕಾಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಜೆಲ್ಲನ್ನೆಲ್ಲ ಬನಶಂಕರಿಯ ಮನೆಗೆ ತಂದು, ಹಬ್ಬದ ಅಡುಗೆಯ ದೊಡ್ಡ ಪಾತ್ರೆಗೆ ಸುರಿದು ಗ್ಯಾಸಿನ ಮೇಲಿಟ್ಟೆ. ಪುಡಿ ಕರಗಿತು. ಮಧ್ಯಾಹ್ನ ಅದು ಊರಿನ ಇನ್ನೊಂದು ತುದಿಯ ಲ್ಯಾಬಿಗೆ ಹೋಗಬೇಕಿತ್ತು. ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ಆ ಐಸನ್ನು ನೀರಾಗಲು ಬಿಡದೆ ಆವಿಯಾಗಿಸಿ ಒಣಗಿಸುವ ಯಂತ್ರ ಅಲ್ಲಿದೆ. ಅದರಲ್ಲಿ ಜಾಗ ಸಿಗುವುದೆಂದರೆ ಹಬ್ಬದ ವಾರ ರೈಲು ಟಿಕೆಟ್ ಸಿಕ್ಕಿದಷ್ಟೇ ಕಷ್ಟ. ಬಿಸಿ ಜೆಲ್ಲನ್ನು ಅದಕ್ಕೆ ಹಾಕುವ ಹಾಗಿಲ್ಲ. ಯಂತ್ರಕ್ಕೆ ಬೇಕಾದ ಟ್ರೇಗಳನ್ನು ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಮಾಡಲು ಕೊಟ್ಟಿದ್ದೆ, ಅವನ್ನು ತರಲು ಹೊರಟೆ. ಚಪ್ಪಲಿ ಮೆಟ್ಟುತ್ತ ಅತ್ತೆಗೆ ಹೇಳಿದೆ:

"ಅತ್ತೆ, ಅದನ್ನ ಹರಡಿ ಆರಕ್ಕಿಡಿ. ಬಂದ್ಬಿಡ್ತೀನಿ."

ಅತ್ತೆ ನನ್ನ ಗಂಡನ ತಾಯಿ. ಜಯನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಾರೆ.

"ಏನತ್ತೆ ಇದು?" ಬಿದ್ದ ಟ್ರೇಗಳ ನಡುವೆ ನಿಂತು ಟೆರೇಸಿನಿಂದಲೇ ಕೂಗಿದೆ.

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ನೀನೇ ಹೇಳ್ದಲ್ಲ, ಹರಡಿ ಆರಕ್ಕಿಡಿ ಅಂತ."

ಹೇಳಿದ್ದೆ. ಚಿತ್ರಾನ್ನಕ್ಕೆ ಅನ್ನವನ್ನು ಹರಡಿ ಆರಲು ಬಿಡುವಂತೆ, ಬಿಸಿ ಹೋಗಲಿ ಎಂದು ಹೇಳಿದ್ದೆ. ಆದರೆ ಕನ್ನಡದಲ್ಲಿ ಬಿಸಿ ಕಾಫಿಯೂ ಆರುತ್ತದೆ, ಒದ್ದೆ ಬಟ್ಟೆಯೂ ಆರುತ್ತದೆ. ಅವರು ಬಟ್ಟೆಯ ಕಡೆಯಿಂದ ಅರ್ಥ ಮಾಡಿಕೊಂಡಿದ್ದರು.

"ಆರಕ್ಕೆ ಅಂದ್ರೆ ತಣ್ಣಗಾಗಕ್ಕೆ ಅತ್ತೆ."

"ಊಟಕ್ಕೆ ಕೂತಾಗೆಲ್ಲ ಒಣಗಿಸೋದು, ಒಣಗಿಸೋದು ಅಂತ ಅದೊಂದೇ ಮಾತಾಡ್ತೀಯ. ತಣ್ಣಗೆ ಮಾಡೋ ವಿಷಯ ಯಾವತ್ತಾದ್ರೂ ಎತ್ತಿದೀಯಾ?"

ಅದು ನಿಜ. ನಿಜ ಎಂದು ಗೊತ್ತಾದಾಗಲೇ ನನಗೆ ಸಿಟ್ಟು ನೆತ್ತಿಗೇರುವುದು.

"ಗೊತ್ತಿಲ್ಲದೆ ಇರೋದಕ್ಕೆ ಯಾಕೆ ಕೈ ಹಾಕ್ತೀರಿ?" ಎಂದೆ. ಅತ್ತೆ ಬಗ್ಗಿ ಕೊಡೆ ಮಡಚಿ, ಇಟ್ಟಿಗೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿ ಕೆಳಗೆ ಹೋದರು.

ಫೋನ್ ಮಾಡಿದ ಮೇಲೆ ಗೆಳತಿ ಬಂದಳು. ಅವಳು ಕೂಗಾಡುವವಳಲ್ಲ, ಅದು ಇನ್ನೂ ಕಷ್ಟ. ಹಾಳೆಯ ಸುತ್ತ ಒಂದು ಸುತ್ತು ಬಂದಳು, ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿ ಇಣುಕಿದಳು. ಹಾಳೆಯಲ್ಲಿ ಜಾಗ ಸಾಲದೆ ಅತ್ತೆ ಒಂದು ಬಟ್ಟಲಿನಷ್ಟು ಜೆಲ್ಲನ್ನು ಪಾತ್ರೆಯಲ್ಲೇ ಬಿಟ್ಟಿದ್ದರು, ಅದಕ್ಕೆ ಬಿಸಿಲು ತಾಕಿರಲಿಲ್ಲ.

"ಇದನ್ನ ಲ್ಯಾಬಿಗೆ ತಗೊಂಡ್ಹೋಗ್ತೀನಿ. ಮೇಲಿರೋದು ಪೂರ್ತಿ ಒಣಗಲಿ, ಕೆರೆದು ತೆಗೆಯಕ್ಕೆ ಹೋಗ್ಬೇಡ. ಶುಕ್ರವಾರ ಎರಡನ್ನೂ ತೋರಿಸೋಣ," ಎಂದಳು.

ಮತ್ತೆ ಮಾಡಲು ಪಲ್ಪೂ ಇರಲಿಲ್ಲ, ಹೊತ್ತೂ ಇರಲಿಲ್ಲ. ನನ್ನ ನಂಬಿಕೆಯೆಲ್ಲ ಆ ಒಂದು ಬಟ್ಟಲಿನ ಮೇಲೆ ಬಂದು ನಿಂತಿತು.

ಗುರುವಾರವಿಡೀ ಮನೆಯಲ್ಲಿ ಮಾತಿಲ್ಲ. ಅತ್ತೆ ಬಡಿಸಿದರು, ನಾನು ಉಂಡೆ. ಅವರು ಆಗಾಗ ಮೇಲೆ ಹೋಗಿ ಹಾಳೆ ನೋಡಿಕೊಂಡು ಬರುತ್ತಿದ್ದರು. ನನಗೆ ಅದೂ ಸೈರಿಸಲಾಗುತ್ತಿರಲಿಲ್ಲ. ಟ್ರಯಲ್ ಕೆಟ್ಟರೆ ಕಾರಣ ಇವರೇ ಎಂದು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡೆ. ಹಾಗೆ ಹೇಳಿಕೊಂಡಾಗಲೆಲ್ಲ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು.

ಶುಕ್ರವಾರದ ಹೊತ್ತಿಗೆ ಶೆಡ್ಡಿಗೆ ಕರೆಂಟ್ ಬಂದಿತ್ತು. ಪೇಂಟ್ ಕಂಪನಿಯಿಂದ ಬಂದವರು ಮಧ್ಯವಯಸ್ಸಿನ, ಮಿತವಾಗಿ ಮಾತನಾಡುವ ಮನುಷ್ಯ. ಕಾಫಿ ಬೇಡ ಎಂದರು. ತಾವೇ ತಂದಿದ್ದ ಒಂದು ಕಪ್ಪು ಗಾಜನ್ನು ಟೇಬಲ್ಲಿನ ಮೇಲಿಟ್ಟರು. ಜೆಲ್ಲನ್ನು ಅದರ ಮೇಲೆ ಹಾಕಿ, ಲೋಹದ ಪಟ್ಟಿಯಿಂದ ತೆಳ್ಳಗೆ ಎಳೆದರೆ ಗಂಟುಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಮೊದಲು ಟೆರೇಸಿನದ್ದು. ಹಪ್ಪಳದಂತೆ ಮುರಿದು, ಪುಡಿ ಮಾಡಿ ಬಕೆಟ್ಟಿಗೆ ಹಾಕಿ ಸ್ಟಿರರ್ ಬಿಟ್ಟೆವು. ಎಷ್ಟೋ ಹೊತ್ತು ತಿರುಗಿದ ಮೇಲೆ ನೀರು ಒಂದಿಷ್ಟು ಮಂದವಾಯಿತು. ಅವರು ಗಾಜಿನ ಮೇಲೆ ಎಳೆದು, ಬೆಳಕಿಗೆ ಹಿಡಿದರು.

"ರವೆ ರವೆ ಇದೆಯಲ್ಲ ಮೇಡಂ. ಗೋಡೆಗೆ ಮೊಡವೆ ಎದ್ದಂಗೆ ಕಾಣ್ಸತ್ತೆ."

"ಅದು ಬಿಸಿಲಿಗೆ ಸಿಕ್ಕಿ ಹಾಳಾಗಿದ್ದು ಸಾರ್, ಮನೇಲಿ ಒಂದು ಎಡವಟ್ಟಾಯ್ತು. ನಮ್ಮದು ನಿಜವಾಗಿ ಇದು," ಎಂದು ಲ್ಯಾಬಿನಿಂದ ಬಂದ ಡಬ್ಬಿ ತೆರೆದೆ. ಅರಳೆಯಷ್ಟು ಹಗುರ, ಹಾಲಿನ ಬಿಳುಪು. ಸುಳ್ಳು ಹೇಳಲಾರೆ, ಟೆರೇಸಿನದ್ದು ಕೆಟ್ಟಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಇದು ಅದರ ಪಕ್ಕದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ.

ಸಣ್ಣ ಪಾತ್ರೆಯಲ್ಲಿ, ಅದೇ ಸ್ಟಿರರ್‌ನಲ್ಲಿ, ಅಷ್ಟೇ ಹೊತ್ತು ತಿರುಗಿಸಿದೆವು. ಗೆಳತಿ ಉಗುರು ಕಚ್ಚುತ್ತಿದ್ದಳು. ಇದೂ ಮಂದವಾಯಿತು. ಅವರು ಗಾಜನ್ನು ತೊಳೆದು, ಒರೆಸಿ, ನಿಧಾನವಾಗಿ ಎಳೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಗಾಜನ್ನು ನೋಡುವ ಧೈರ್ಯ ಇರಲಿಲ್ಲ. ಮುಖದಿಂದ ಏನೂ ತಿಳಿಯಲಿಲ್ಲ. ಅವರು ಗಾಜನ್ನು ಗೆಳತಿಯ ಕೈಗೆ ಕೊಟ್ಟರು.

ಅವಳು ಬಹಳ ಹೊತ್ತು ನೋಡಿದಳು. "ಎರಡೂ ಒಂದೇ," ಎಂದಳು.

"ಇರಕ್ಕಾಗಲ್ಲ. ಸರಿಯಾಗಿ ನೋಡು."

"ನೋಡ್ದೆ ಕಣೇ. ಗಂಟು ಒಂಚೂರು ಸಣ್ಣ, ಅಷ್ಟೇ. ಬಿಸಿಲಿಂದು ಅಲ್ಲ ಇದು. ಪುಡಿ ಸರಿಯಾಗಿ ನಡುವೆ ಕೂತೇ ಇಲ್ಲ. ಮಿಕ್ಸಿ ಹೊಡೆತಕ್ಕೆ ನಾರು ಬಿಡ್ತಿತ್ತು, ಸ್ಟಿರರ್‌ಗೆ ಬಿಡ್ತಿಲ್ಲ."

ಬಂದವರು ಗಾಜನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸರಿಹೋದ ಮೇಲೆ ಫೋನ್ ಮಾಡಿ ಎಂದು ಮರ್ಯಾದೆಯಿಂದಲೇ ಹೇಳಿ ಹೊರಟರು. ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ಅವಳು ಸ್ಟಿರರ್ ಬಿಚ್ಚಿ, ತೊಳೆದು, ಒರೆಸಿ ಇಟ್ಟಳು. ಎಂದೂ ಅಷ್ಟು ಚೆನ್ನಾಗಿ ಒರೆಸಿದವಳಲ್ಲ.

"ಸೋಮವಾರ ಪುಣೆಯವ್ರಿಗೆ ಹೂಂ ಅಂತೀನಿ," ಎಂದಳು.

ನಾನು ಆಯ್ತು ಎಂದೆ.

ಮನೆಗೆ ಬಂದಾಗ ಅತ್ತೆ ಹಾಲ್‌ನಲ್ಲಿ ಟಿವಿಯ ಸದ್ದು ಅಡಗಿಸಿ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಏನಾಯ್ತು?"

"ಆಗ್ಲಿಲ್ಲ ಅತ್ತೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಹಾಳು ಮಾಡ್ದೆ."

"ಇಲ್ಲ ಅತ್ತೆ. ಪಾತ್ರೇಲಿ ಉಳಿದಿತ್ತಲ್ಲ, ಬಿಸಿಲಿಗೆ ಹಾಕದೆ ಇದ್ದಿದ್ದು, ಅದೂ ಹಂಗೇ ಗಂಟು ಗಂಟಾಯ್ತು. ನಿಮ್ಮಿಂದ ಆಗಿದ್ದಲ್ಲ."

ಇದನ್ನು ಕೇಳಿ ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ, ಬನಶಂಕರಿಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬರುವಾಗ, ಇದೊಂದನ್ನಾದರೂ ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದೆ. ತಪ್ಪಿದ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಅತ್ತೆಯ ಹುಬ್ಬು ಗಂಟಿಕ್ಕುತ್ತದೆ, ಹಾಗೆ ಕೂತಿದ್ದರು.

"ಅಂದ್ರೆ ನೀನು ಇಷ್ಟು ವರ್ಷ ಮಾಡಿದ್ದೇ ತಪ್ಪು ಅಂತಾಯ್ತಲ್ಲ."

"ಹೂಂ."

ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನಿಂದ್ಲೇ ಹಾಳಾಗಿದ್ರೆ ಚೆನ್ನಾಗಿತ್ತು ಕಣೇ," ಎಂದರು.