ಬಲಕ್ಕೆ ಹೊಲಿದ ಒರೆ

"ಯಾವ ಬಾಜೂ ಕಟ್ತಿ ತಮ್ಮಾ, ಎಡಕ್ಕೋ ಬಲಕ್ಕೋ?" ಎಂದು ಆ ಚರ್ಮದ ಕೆಲಸದವನು ಕೇಳಿದ್ದು ನನ್ನನ್ನು. ಚೂರಿ ಹಿಡಿಯುವವನು ನಾನು, ಒರೆ ಕಟ್ಟಿಕೊಳ್ಳುವ ಸೊಂಟ ನನ್ನದು, ಕೈ ನನ್ನದು. "ಬಲಕ್ಕ" ಎಂದು ಉತ್ತರ ಕೊಟ್ಟವನು ನನ್ನ ಮಾವ. ಎಷ್ಟೋ ವರ್ಷದ ಹಿಂದಿನ ಮಾತು ಇದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯಲು ಕೂತರೆ ಏಕವಚನ ಬರುತ್ತದೆ, ಬರಲಿ. ಕೊಲ್ಹಾಪುರದಲ್ಲಿ ಅವನ ಬೆಲ್ಲದ ಅಡತಿ ಅಂಗಡಿ ಇತ್ತು. ರೈತರು ತಂದ ಬೆಲ್ಲವನ್ನು ಲಿಲಾವು ಕೂಗಿಸಿ ವ್ಯಾಪಾರಿಗಳಿಗೆ ಮಾರಿಸಿಕೊಡುವ ಅಂಗಡಿ. ಬಿಳಿ ಧೋತರ, ಕರಿ ಕೋಟು, ಹಣೆಯ ಮೇಲೆ ವಿಭೂತಿ. ನಾಲ್ಕು ಜನರ ಎದುರು ಸಣ್ಣವನಾಗಬಾರದು ಎಂಬುದೊಂದೇ ಅವನ ಜೀವನದ ಚಿಂತೆ.

ನಾನು ಹುಟ್ಟಿನಿಂದಲೇ ಎಡಚ. ನಮ್ಮ ಕಡೆಯ ಮಾತಿನಲ್ಲಿ ರೊಡ್ಡ. ಊಟಕ್ಕೆ ಕೂತರೆ ಅವ್ವ ನನ್ನ ಎಡಗೈಯನ್ನು ತನ್ನ ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಬಲಗೈಗೆ ರೊಟ್ಟಿ ತುರುಕುತ್ತಿದ್ದಳು. ಗಡಹಿಂಗ್ಲಜದ ಶಾಲೆಯಲ್ಲಿ ಮಾಸ್ತರರು ಎಡಗೈಯ ಗೆಣ್ಣಿಗೆ ಪಟ್ಟಿಯಿಂದ ಬಾರಿಸುತ್ತಿದ್ದರು. ಹಾಗೆ ಬಾರಿಸಿ ಬಾರಿಸಿ ಅಕ್ಷರವನ್ನೂ ಅನ್ನವನ್ನೂ ಬಲಗೈಗೆ ದಾಟಿಸಿದರು. ಬಲ ಹಾಕುವ, ಹದ ಹಿಡಿಯುವ ಕೆಲಸ ಮಾತ್ರ ಎಡಗೈಯಲ್ಲೇ ಉಳಿಯಿತು.

ಅಣ್ಣ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ. ಮೊದಲು ನನ್ನನ್ನೂ ಅಲ್ಲಿಗೇ ಕಳಿಸಿದರು. ಶೆಡ್ಡಿನಲ್ಲಿ ನೋಡಿದರೆ ಒಂದು ಮಗ್ಗದ ಹಿಡಿ ಎಡಕ್ಕೆ, ಪಕ್ಕದ್ದರ ಹಿಡಿ ಬಲಕ್ಕೆ. "ಇದು ಎಡಗೈ ಮಗ್ಗ, ಅದು ಬಲಗೈ ಮಗ್ಗ" ಎಂದು ಆ ಗದ್ದಲದಲ್ಲಿ ಅಣ್ಣ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ. ನೋಡಿ, ಕಬ್ಬಿಣದ ಯಂತ್ರ ಎಡಚ ಆಗಬಹುದು, ಅದಕ್ಕೆ ಯಾರೂ ಪಟ್ಟಿಯಿಂದ ಹೊಡೆಯುವುದಿಲ್ಲ. ನಾನು ಆಗಬಾರದು! ಅಲ್ಲೇ ಉಳಿದುಬಿಡುತ್ತಿದ್ದೆ. ಆದರೆ ಹತ್ತಿಯ ಧೂಳಿಗೆ ನನ್ನ ಎದೆ ಒಗ್ಗಲಿಲ್ಲ. ಕೆಮ್ಮುತ್ತ ಕೆಮ್ಮುತ್ತ ಮಾವನ ಅಂಗಡಿ ಸೇರಿದೆ.

ಬೆಲ್ಲದ ಪೇಟೆಯಲ್ಲಿ ಚೂರಿಯವನು ಎಂದು ಒಬ್ಬ ಇರುತ್ತಾನೆ. ಲಿಲಾವಿಗೆ ಮುಂಚೆ ಬೆಲ್ಲದ ದೊಡ್ಡ ಪೆಂಟಿಯ, ಎಂದರೆ ಅಚ್ಚಿನ ಗಟ್ಟಿಯ, ಮಗ್ಗುಲಿಗೆ ಚೂರಿ ಹಾಕಿ, ಒಂದು ತುಣುಕು ಎಬ್ಬಿಸಿ, ವ್ಯಾಪಾರಿಗೆ ಕೊಡುವುದು ಅವನ ಕೆಲಸ. ವ್ಯಾಪಾರಿ ಬಣ್ಣ ನೋಡಿ, ನಾಲಿಗೆಗೆ ಇಟ್ಟು ದರ ಕೂಗುತ್ತಾನೆ. ಇಲ್ಲಿ ಬಲಗೈಯವರಿಗೆ ಒಂದು ಪೇಚು. ಚೂರಿ ಬಲಗೈಯಲ್ಲಿದ್ದರೆ ತುಣುಕು ಬೀಳುವುದು ಎಡಗೈಗೆ. ತಿನ್ನುವ ಪದಾರ್ಥವನ್ನು ಎಡಗೈಯಿಂದ ಕೊಟ್ಟರೆ ಯಾವ ವ್ಯಾಪಾರಿ ತೆಗೆದುಕೊಂಡಾನು? ಹಾಗಾಗಿ ಅವರೆಲ್ಲ ತುಣುಕನ್ನು ಚೂರಿಯ ತುದಿಯ ಮೇಲೇ ಕೂರಿಸಿ ವ್ಯಾಪಾರಿಯ ಮೀಸೆಯ ಹತ್ತಿರ ಹಿಡಿಯುತ್ತಿದ್ದರು. ನನಗೆ ಆ ಪೇಚೇ ಇಲ್ಲ. ಎಡಗೈ ಕೊಯ್ಯುತ್ತದೆ, ಬಲಗೈ ಕೊಡುತ್ತದೆ. ನಮ್ಮ ಅಂಗಡಿಯ ಹಳೆಯ ಚೂರಿಯವನ ಕೈ ನಡುಗತೊಡಗಿ ಅವನು ಊರಿಗೆ ಹೋದಾಗ ಚೂರಿ ನನ್ನ ಪಾಲಿಗೆ ಬಂತು. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಎಡಗೈಗೆ ಒಂದು ಬೆಲೆ ಬಂದಿತ್ತು. ಅದು ತಪ್ಪಿದರೆ ನನಗಿದ್ದದ್ದು ಪೆಂಟಿ ಹೊರುವ ಹಮಾಲಿ.

ಅದು ಮಡಚುವ ಚೂರಿಯಲ್ಲ. ಗೇಣುದ್ದದ ನೆಟ್ಟನೆಯ ಅಲಗು, ಜಾಲಿ ಕಟ್ಟಿಗೆಯ ಹಿಡಿ. ಹರಕು ಅರಿವೆ ಸುತ್ತಿ ಸೊಂಟಕ್ಕೆ ಸಿಗಿಸುತ್ತಿದ್ದೆ. ಒಂದು ದಿನ ಬಗ್ಗಿದಾಗ ತೊಡೆ ಗೀರಿತು. ದೀಪಾವಳಿ ಪಾಡ್ಯಕ್ಕೆ ಹೊಸ ಬೆಲ್ಲದ ಮೊದಲ ಲಿಲಾವಿನ ಮುಹೂರ್ತ ಇತ್ತು, ಅಷ್ಟರೊಳಗೆ ಚರ್ಮದ ಒರೆ ಮಾಡಿಸೋಣ ಎಂದು ಮಾವನೇ ಕರೆದುಕೊಂಡು ಹೋದ. ನಾನು ಹಿಗ್ಗಿಕೊಂಡು ಹಿಂದೆ ಹೋದೆ, ಪೆದ್ದನ ಹಾಗೆ.

ಚಪ್ಪಲಿ ಹೊಲಿಯುವವರ ಓಣಿ. ಮಾವ ಅಂಗಡಿಯ ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತ. ಕಾಲಲ್ಲಿ ಕರಕರ ಎನ್ನುತ್ತಿದ್ದ ಚಪ್ಪಲಿ ಅದೇ ಓಣಿಯದು, ಆದರೆ ಅದನ್ನು ಮಾಡಿದವನ ಕಟ್ಟೆ ಮೈಲಿಗೆ. ನಾನು ಹತ್ತಿ ಕೂತೆ. ಚರ್ಮದ ಕೆಲಸದವನು ತುಂಡುಗಳನ್ನು ಹರವಿದ. ಕುರಿಯ ಚರ್ಮ ಅರಿವೆಯಷ್ಟು ಮೆತ್ತಗೆ, ಅಲಗು ಎರಡು ದಿನಕ್ಕೆ ಹರಿದು ಹಾಕುತ್ತದೆ. ಎಮ್ಮೆಯದನ್ನು ಉಗುರಿನಿಂದ ಒತ್ತಿ ನೋಡಿದೆ, ಬಗ್ಗಿಸಿ ನೋಡಿದೆ. ಎಣ್ಣೆ ಕುಡಿದ ಕಂದು ಬಣ್ಣದ ಒಂದು ತುಂಡು ಮನಸ್ಸಿಗೆ ಬಂತು. ಬಣ್ಣ ಬೇಡ, ಜೋಡಿ ಹೊಲಿಗೆ ಇರಲಿ, ಬಾಯಿ ಬಿಗಿಯಾಗಿರಲಿ ಎಂದೆ.

"ಕೆಂಪ ಬಣ್ಣ ಹಚ್ಚು. ಹಿತ್ತಾಳಿ ಗುಂಡಿ ಬಡಿ, ಕೆಳಗ ಒಂದ ಗೊಂಡೆ ಇರ್ಲಿ" ಎಂದ ಮಾವ ಕೆಳಗಿನಿಂದ.

"ಬೆಲ್ಲದ ಜಿಗಟ ಗುಂಡೀಗೆ ಹತ್ತಿದ್ರ ಇರಿವಿ ಮುತ್ತತಾವ್ರಿ ಮಾವ."

"ಮುತ್ತಲಿ ಬಿಡು. ಮುಹೂರ್ತದ ದಿನಾ ನಾಕ ಮಂದಿ ಕಣ್ಣಿಗೆ ಬೀಳಬೇಕು."

ಅದನ್ನೂ ನುಂಗಿಕೊಂಡೆ. ಆಮೇಲೆ ಬಂತು ಎಡವೋ ಬಲವೋ ಎಂಬ ಪ್ರಶ್ನೆ, ನನ್ನನ್ನು ದಾಟಿ ಹೋದ ಆ ಉತ್ತರ. ಸೊಂಟದ ಪಟ್ಟಿಗೆ ಪೋಣಿಸುವ ಕುಣಿಕೆ ಒರೆಯ ಒಂದೇ ಮುಖಕ್ಕೆ ಬರುತ್ತದೆ. ಬಲಕ್ಕೆ ಹೊಲಿದರೆ ಬಲಗೈಗೆ ಅಲಗು ಸಲೀಸಾಗಿ ಬರುತ್ತದೆ. ಎಡಗೈ ಹಾಕಿ ಎಳೆದರೆ ಅಲಗಿನ ಹರಿತವಾದ ಅಂಚು ಹೊಲಿಗೆಗೇ ಒತ್ತುತ್ತದೆ. "ಒಮ್ಮೆ ಹೊಲದ ಮ್ಯಾಲ ಬದಲ ಮಾಡಾಕ ಬರಂಗಿಲ್ರಿ, ನೋಡ್ರಿ" ಎಂದ ಚರ್ಮದವನು.

"ಮಾವ, ನಾ ರೊಡ್ಡ ಅದೇನ್ರಿ. ಎಡಕ್ಕ ಹೊಲೀಲಿ" ಎಂದೆ.

"ರೊಡ್ಡ ಅದೀ ಅಂತ ಪ್ಯಾಟ್ಯಾಗ ಡಂಗುರ ಹೊಡಸ್ಲೇನ? ಇಷ್ಟ ದಿನಾ ನಡೀತು. ಮುಹೂರ್ತದ ಬೆಲ್ಲಕ್ಕ ಎಡಗೈ ಹಚ್ಚಿದ್ರ ವರ್ಷಾನಗಟ್ಲೆ ಗಿರಾಕಿ ಬರಂಗಿಲ್ಲ. ಏ, ಬಲಕ್ಕ ಹೊಲಿಯೋ!"

ಚರ್ಮದವನು ನನ್ನ ಮುಖ ನೋಡಿದ, ಮಾವನ ಕೋಟು ನೋಡಿದ, ಬಲಕ್ಕೆ ಗುರುತು ಹಾಕಿದ. ಅವನ ಮೇಲೂ ಸಿಟ್ಟು ಬಂತು. ಅವನೇನು ಮಾಡಿಯಾನು ಎಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ.

ಪಾಡ್ಯದವರೆಗೂ ಅಂಗಡಿಯ ಹಿಂದೆ ಒಂದು ಕೆಟ್ಟ ಪೆಂಟಿ ಇಟ್ಟುಕೊಂಡು ಬಲಗೈಯಿಂದ ಕೊಯ್ದು ಕೊಯ್ದು ನೋಡಿದೆ. ಹದ ಸಿಗಲಿಲ್ಲ. ಬೆಲ್ಲ ಪುಡಿಯಾಗುತ್ತಿತ್ತು, ಇಲ್ಲವೇ ಚೂರಿ ಜಾರುತ್ತಿತ್ತು.

ಮುಹೂರ್ತದ ದಿನ ಪೆಂಟಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದರು. ವ್ಯಾಪಾರಿಗಳು ಸುತ್ತ ನೆರೆದರು. ನನ್ನ ಸೊಂಟದ ಬಲಕ್ಕೆ ಕೆಂಪು ಒರೆ, ಅದರ ಗೊಂಡೆ ತೊಡೆಗೆ ಬಡಿಯುತ್ತಿತ್ತು. ಬಲಗೈಯಿಂದ ಚೂರಿ ಎಳೆದು ಮೊದಲ ಪೆಂಟಿಗೆ ಹಾಕಿದೆ. ಅಲಗು ಜಾರಿತು, ಹಿಡಿಯಷ್ಟು ಬೆಲ್ಲ ಸಿಡಿದು ಮಣ್ಣಿಗೆ ಬಿತ್ತು. "ಅಹೋ, ಹಾ ಗೂಳ ಕಾಪತೋಯ ಕೀ ಲಾಕೂಡ ಫೋಡತೋಯ?" ಎಂದ ಒಬ್ಬ ದಪ್ಪ ವ್ಯಾಪಾರಿ ಮರಾಠಿಯಲ್ಲಿ. ಇವನು ಬೆಲ್ಲ ಕೊಯ್ಯುತ್ತಿದ್ದಾನೋ ಕಟ್ಟಿಗೆ ಒಡೆಯುತ್ತಿದ್ದಾನೋ ಎಂದು. ಎಲ್ಲರೂ ನಕ್ಕರು. ಅವರ ಜೊತೆ ಮಾವನೂ ನಕ್ಕ! ನನ್ನ ಕೈ ಕಟ್ಟಿಹಾಕಿದವನೇ ನನ್ನ ಕೈ ನೋಡಿ ನಕ್ಕ.

ಚೂರಿಯನ್ನು ಒರೆಗೆ ಹಾಕಿ ಎರಡನೆಯ ಪೆಂಟಿಯ ಮುಂದೆ ನಿಂತೆ. ಎಡಗೈಯನ್ನು ಹೊಟ್ಟೆಯ ಮೇಲಿಂದ ಹಾಯಿಸಿ ಹಿಡಿ ಹಿಡಿದು ಎಳೆದೆ. ಹೊಲಿಗೆ ಪರ್ರನೆ ಕೊಯ್ದುಕೊಂಡು ಹೋಯಿತು, ಒರೆ ಅರ್ಧದವರೆಗೆ ಬಾಯಿ ಬಿಟ್ಟಿತು. ಬಿಡಲಿ. ಎಡಗೈ ಒಂದೇ ಹಾಕಿಗೆ ತೆಳ್ಳನೆಯ, ಅಂಚು ಮುರಿಯದ ತುಣುಕು ಎಬ್ಬಿಸಿತು. ಬಲಗೈಯಿಂದ ಕೊಟ್ಟೆ. ನಗೆಯಾಡಿದ ವ್ಯಾಪಾರಿಯೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಮೂರನೆಯ ಪೆಂಟಿಗೆ ಹೋದೆ.

ಅಷ್ಟರಲ್ಲಿ ಮಾವ ನನ್ನ ಎದುರಿಗೆ ಬಂದ. ಹರಿದ ಒರೆ ನೋಡಿದ. "ಶುಭದಿನಾ ಹರದ ಹಾಕಿದಿ. ಕೈ ಬದಲ ಮಾಡಲೇ" ಎಂದು ಹಲ್ಲು ಕಚ್ಚಿ ಹೇಳಿದ.

ಅಂದು ಬೆಳಿಗ್ಗೆ ಅವನೂ ನಾನೂ ಒಂದೇ ಕೋಣೆಯಲ್ಲಿ ಕೂತು ಲಿಂಗಪೂಜೆ ಮಾಡಿದ್ದೆವು. ನಮ್ಮಲ್ಲಿ ಪೂಜೆಯ ಹೊತ್ತಿಗೆ ಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯ ಮೇಲೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಲಿಂಗ ಎಡಗೈಯಾಗ ಕುಂಡ್ರತೈತಿ. ಬೆಲ್ಲಕ್ಕ ಅಷ್ಟ ಎಡಗೈ ಹೊಲಸೇನ್ರಿ ಮಾವ?"

ಏಟು ಬಿತ್ತು. ಕಣ್ಣಿಗೆ ಕತ್ತಲೆ ಬಂತು. ಉರಿಯುವ ಕಡೆ ಕೈ ಇಟ್ಟುಕೊಂಡೆ, ಅದು ನನ್ನ ಬಲಗೆನ್ನೆ. ಎದುರಿಗೆ ನಿಂತವನು ಬಲಗೈಯಿಂದ ಹೊಡೆದರೆ ಬಲಗೆನ್ನೆಗೆ ಬೀಳುವುದಿಲ್ಲ. ತಲೆ ಎತ್ತಿ ನೋಡಿದೆ. ಮಾವನ ಎಡಗೈ ಇನ್ನೂ ಗಾಳಿಯಲ್ಲೇ ಇತ್ತು. ಅವನೂ ಅದನ್ನೇ ನೋಡುತ್ತಿದ್ದ. ಆಮೇಲೆ ಅದನ್ನು ಕೋಟಿನ ಜೇಬಿಗೆ ತುರುಕಿಕೊಂಡ. ಲಿಲಾವು ಮುಗಿಯುವವರೆಗೂ ಹೊರಗೆ ತೆಗೆಯಲಿಲ್ಲ. ನಾನು ಎಡಗೈಯಿಂದಲೇ ಕೊಯ್ದೆ, ಯಾರೂ ತಡೆಯಲಿಲ್ಲ.

ಸಂಜೆ ಅಂಗಡಿಯಲ್ಲಿ ನಾವಿಬ್ಬರೇ ಉಳಿದಾಗ ಕೇಳಿದೆ: "ಮಾವ, ನೀವೂ ರೊಡ್ಡ ಏನ್ರಿ?"

"ಇದ್ನಿ" ಎಂದ. ಬೀಗ ಕೈಗೆತ್ತಿಕೊಂಡು, "ನಮ್ಮಪ್ಪ ಬರೆ ಹಾಕಿದ. ಬಿಟ್ನಿ" ಎಂದ. ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತ, ನನ್ನ ಕಡೆ ನೋಡದೆ, "ನಾಳೆ ಹೋಗಿ ಎಡಕ್ಕ ಒಂದ ಹೊಲಿಸ್ಕೊಂಡ ಬಾ" ಎಂದ.

ಕನಿಕರ ಬರಬೇಕಿತ್ತು ಎಂದು ಈ ಕಥೆ ಕೇಳಿದವರೆಲ್ಲ ಹೇಳುತ್ತಾರೆ. ಬರಲಿಲ್ಲ. ಸಿಟ್ಟು ಇಮ್ಮಡಿಯಾಯಿತು. ಅವ್ವ ಮಾಡಿದ್ದು ತಿಳಿಯದೆ, ಮಾಸ್ತರರು ಮಾಡಿದ್ದೂ ತಿಳಿಯದೆ. ಅವರ ಮೇಲಿನ ಕೋಪ ಎಂದೋ ಇಳಿದುಹೋಯಿತು. ಈ ಮನುಷ್ಯನಿಗೆ ಮಾತ್ರ ಅದು ಎಷ್ಟು ಸುಡುತ್ತದೆ ಎಂದು ಗೊತ್ತಿತ್ತು.